ಹಾನಗಲ್ಲಿನ ಸರ್ವಿಸ್, ಸವಣೂರಿನ ಲಾಬ್

ನನಗೆ ಟೆನಿಸ್ ಆಡಲು ಬರುವುದಿಲ್ಲ. ಆಡುವವರ ಹಾಗೆ ಆಡಿ ತೋರಿಸಲು ಮಾತ್ರ ಬರುತ್ತದೆ. ಚೆಂಡಿಲ್ಲದಿದ್ದರೆ ನನ್ನ ಸರ್ವಿಸ್ ನೋಡಿ ನೀವು ಬೆರಗಾಗುತ್ತೀರಿ. ಚೆಂಡು ಕೊಟ್ಟರೆ ಅದು ಹೋಗಿ ನೆಟ್ಟಿನಲ್ಲಿ ಮಲಗುತ್ತದೆ. ಹಿರೇಕೆರೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಮೂಲ ಪ್ರತಿ ಬೇರೆಯವರದು, ನಕಲು ನನ್ನದು. ಅಂಗಡಿಯ ಒಳಗೂ ಅಷ್ಟೇ, ಹೊರಗೂ ಅಷ್ಟೇ.

ಇಂಥ ನನ್ನನ್ನು ವರ್ಷಕ್ಕೊಮ್ಮೆ ಶಿಗ್ಗಾಂವಿಗೆ ಅಂಪೈರ್ ಆಗಲು ಕರೆಸುತ್ತಾರೆ. ಅದಕ್ಕೆ ಕಾರಣ ನನ್ನ ಜ್ಞಾನವಲ್ಲ, ನನ್ನ ಊರು. ಆಡುವವರಲ್ಲಿ ಒಬ್ಬರು ಹಾನಗಲ್ಲಿನವರು, ಇನ್ನೊಬ್ಬರು ಸವಣೂರಿನವರು. ಒಂದು ಊರಿನ ಅಂಪೈರನ್ನು ಇನ್ನೊಂದು ಊರು ಒಪ್ಪುವುದಿಲ್ಲ. ಕೆಮ್ಮಣ್ಣಿನ ಅಂಗಣ ಶಿಗ್ಗಾಂವಿಯದಾದರೂ ಅಲ್ಲಿಯವರು ಬೇಡ, ಏಕೆಂದರೆ ಅವರು ಇಬ್ಬರ ಮನೆಯಲ್ಲೂ ಉಂಡವರು. ಹಿರೇಕೆರೂರಿನವನು ಯಾರ ಮನೆಯಲ್ಲೂ ಉಂಡಿಲ್ಲ. ಕರೆದರೆ ಹೋಗುತ್ತಿದ್ದೆ, ಅದು ಬೇರೆ ಮಾತು.

ಹಾನಗಲ್ಲಿನವರು ನಿವೃತ್ತ ಪಿ.ಟಿ. ಮಾಸ್ತರರು. ಧಾರವಾಡದಲ್ಲಿ ಕ್ರಮವಾಗಿ ಟೆನಿಸ್ ಕಲಿತವರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಚೆಂಡನ್ನು ಮೂರು ಸಲ ನೆಲಕ್ಕೆ ಬಡಿದು ಮಾಡುವ ಸರ್ವಿಸ್, ಮನೆಯ ಗೋಡೆ ತುಂಬ ಗೆದ್ದ ಕಪ್ಪುಗಳು. ಸವಣೂರಿನವರು ವೀಳ್ಯದೆಲೆ ವ್ಯಾಪಾರದ ಸಾಹೇಬರು. ಅವರಿಗೆ ಗುರು ಇಲ್ಲ. ಹುಡುಗರಾಗಿದ್ದಾಗ ಎಲೆಯ ಬುಟ್ಟಿ ಹೊತ್ತು ಹೋಗುತ್ತ, ಅಧಿಕಾರಿಗಳ ಆಟವನ್ನು ಕಾಂಪೌಂಡಿನ ಹೊರಗಿನಿಂದ ನೋಡಿ ಕಲಿತರಂತೆ. ಗೋಡೆ ಎತ್ತರವಿದ್ದುದರಿಂದ ಮೇಲೆ ಹಾರಿದ ಚೆಂಡಷ್ಟೇ ಕಾಣುತ್ತಿತ್ತು, ಅದಕ್ಕೇ ಅವರಿಗೆ ಎದುರಾಳಿಯ ತಲೆ ಮೇಲಿಂದ ಚೆಂಡೆತ್ತುವ ಲಾಬ್ ಬಿಟ್ಟು ಬೇರೇನೂ ಬರುವುದಿಲ್ಲ ಎಂಬುದು ಮಾಸ್ತರರ ವಾದ. ಸಾಹೇಬರ ಬಳಿ ಇರುವುದು ಒಂದೇ ಕಪ್ಪು. ಅದರಲ್ಲಿ ಎಲೆ ಕಟ್ಟುವ ದಾರದ ಉಂಡೆ ಇಟ್ಟಿದ್ದಾರೆ. ಆದರೂ ಇವರಿಬ್ಬರೇ ಎದುರುಬದುರಾದ ವಾರ್ಷಿಕ ಪಂದ್ಯಗಳಲ್ಲಿ ಇಬ್ಬರ ಗೆಲುವೂ ಸಮಸಮ.

ಟಾಸಿಗೆ ಮೊದಲು ಅಂಪೈರು ಇಬ್ಬರ ಚರಿತ್ರೆಯನ್ನೂ ಹೇಳಿ, ಇಬ್ಬರಂತೆಯೂ ನಟಿಸಿ ತೋರಿಸಬೇಕು. ಈ ಪದ್ಧತಿ ನನ್ನ ಕೋತಿಚೇಷ್ಟೆಯಿಂದಲೇ ಹುಟ್ಟಿದ್ದು. ಈಗ ಅದು ಆಗದೆ ನಾಣ್ಯ ಚಿಮ್ಮಲು ಬಿಡುವುದಿಲ್ಲ.

ಈ ವರ್ಷ ಪಂದ್ಯಕ್ಕೆ ವಾರವಿರುವಾಗ ಮಾಸ್ತರರು ಫೋನ್ ಮಾಡಿದರು. “ತಮ್ಮಾ, ಈ ಸಲ ಒಂದ ಗೆದ್ದು ಮುಂದ ಆಗಿಬಿಡ್ತೇನಿ. ಆಮ್ಯಾಲ ರಾಕೆಟ್ ಗ್ವಾಡಿಗೆ ತೂಗಹಾಕ್ತೇನಿ. ನೀ ಗೆರಿ ಮ್ಯಾಲ ಬಿದ್ದ ಚೆಂಡ ಚಂದಂಗ ನೋಡು.”

“ಗ್ವಾಡಿ ಮ್ಯಾಲ ಜಾಗಾ ಐತೇನ್ರಿ ಸರ್, ಕಪ್ಪ ತುಂಬ್ಯಾವಲ್ಲ?” ಎಂದೆ.

ಅವರು ನಗಲಿಲ್ಲ. ಈ ಒಂದು ಗೆಲುವು ಅವರಿಗೆ ಎಷ್ಟು ಬೇಕಾಗಿದೆ ಎಂದು ಆಗ ತಿಳಿಯಿತು.

ಭಾನುವಾರ ಬೆಳಿಗ್ಗೆ ಶಿಗ್ಗಾಂವಿಯಲ್ಲಿ ನನ್ನ ಸೋದರಮಾವ ಸುಣ್ಣದ ಗೆರೆ ಎಳೆದು ಮುಗಿಸಿದ್ದ. ಅಂಗಣದ ಉಸ್ತುವಾರಿ ಅವನದೇ. ಇಪ್ಪತ್ತು ಮೂವತ್ತು ಜನ ಬೇಲಿಯ ಗುಂಟ ನಿಂತಿದ್ದರು. ನಾನು ಮೊದಲು ಸಾಹೇಬರಾದೆ. ಎಡಗೈಯಲ್ಲಿ ರಾಕೆಟ್, ಬಲಗೈಯಲ್ಲಿ ಪೈಜಾಮದ ಲಾಡಿ, ಕಣ್ಣು ಆಕಾಶದಲ್ಲಿ. ಜನ ನಕ್ಕರು, ಸಾಹೇಬರೂ ನಕ್ಕರು. ಆಮೇಲೆ ಮಾಸ್ತರರಾದೆ. ಬಸ್ಸಿನಿಂದ ಇಳಿದು ಅಂಗಣಕ್ಕೆ ಬಂದ ಅವರ ನಡಿಗೆಯನ್ನು ಆಗಷ್ಟೇ ನೋಡಿದ್ದೆ, ಬಿಸಿಬಿಸಿಯಾಗಿ ಅದನ್ನೇ ಇಳಿಸಿದೆ. ಎಲ್ಲರೂ ನಗುತ್ತಿದ್ದಾಗ ಸಾಹೇಬರು ಮಾತ್ರ ನಗು ನಿಲ್ಲಿಸಿದರು.

“ಬೇಟಾ, ಇನ್ನೊಮ್ಮೆ ನಡದ ತೋರ್ಸ.”

ನಡೆದೆ.

“ಎಡಗಾಲ ಯಾಕ ಎಳ್ಯಾಕತ್ತಿ?”

“ಅವರು ಹಂಗ ನಡದ್ರಲ್ರಿ,” ಎಂದುಬಿಟ್ಟೆ. ನನ್ನ ಬಾಯಿಗಿಂತ ಕಾಲಿಗೇ ಹೆಚ್ಚು ಗೊತ್ತಿತ್ತು. ಎಲ್ಲರ ಕಣ್ಣೂ ಮಾಸ್ತರರ ಎಡ ಮೊಣಕಾಲಿನ ಮೇಲೆ ಹೋಯಿತು. ಇಸ್ತ್ರಿಯ ಪ್ಯಾಂಟಿನೊಳಗೆ ಪಟ್ಟಿ ಕಟ್ಟಿದ್ದು ಉಬ್ಬಿ ಕಾಣುತ್ತಿತ್ತು.

“ಏನಾಗೇತ್ರಿ ಮಾಸ್ತರ?”

“ಏನೂ ಆಗಿಲ್ರಿ. ಈ ಮಂಗ್ಯಾನ ಮಾತ ಏನ್ ಕೇಳ್ತೀರಿ, ಟಾಸ್ ಹಾಕ್ರಿ.”

“ಡಾಕ್ಟರ್ ಏನಂದ್ರು?”

ಮಾಸ್ತರರು ರಾಕೆಟ್ಟಿನ ತಂತಿಗಳನ್ನು ಬೆರಳಿನಿಂದ ನೆಟ್ಟಗೆ ಮಾಡುತ್ತ ನಿಂತರು. “ಅವರ ಕೆಲಸಾನ ಅದು, ಆಡಬ್ಯಾಡ ಅನ್ನೂದು.”

“ಹಂಗಾರ ನಾ ಆಡೂದಿಲ್ರಿ.”

“ಕುಂಟ ಅಂತ ಬಿಟ್ಟುಕೊಡ್ತೀರೇನು?”

“ಬಿಟ್ಟುಕೊಡೂದಲ್ರಿ. ನಾ ಲಾಬ್ ಹಾಕಿದ್ರ ನೀವ ಹಿಂದಕ್ಕ ಓಡಬೇಕು, ಕಾಲ ಹೋಗ್ತೈತಿ. ಹಾಕಲಿಲ್ಲಂದ್ರ ನಾ ಆಡಿದಂಗಲ್ಲ, ನೀವ ಗೆದ್ದಂಗೂ ಅಲ್ಲ. ಎರಡೂ ನನ್ನ ಕೈಲೆ ಆಗೂದಿಲ್ಲ.”

ಮಾಸ್ತರರು ರಾಕೆಟ್ಟನ್ನು ತಮ್ಮ ಕುರ್ಚಿಗೆ ಒರಗಿಸಿ, “ಹಂಗಾರ ನಾ ಗೆಲ್ಲೂದ ಯಾವಾಗ್ರಿ?” ಎಂದರು. ನನಗೆ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು. ನಾಲ್ಕು ಜನರ ನಗೆಗಾಗಿ ಅವರು ಒಂದು ವರ್ಷ ಕಾದದ್ದನ್ನು ಕೆಡಿಸಿ ಕೂತಿದ್ದೆ.

ಸಾಹೇಬರು ತಮ್ಮ ಟವೆಲ್ಲು, ನೀರಿನ ಬಾಟಲಿ ಎತ್ತಿಕೊಂಡು, ನೆಟ್ಟಿನ ಕಂಬವನ್ನು ಸುತ್ತಿ ಬಂದು, ಮಾಸ್ತರರ ಕುರ್ಚಿಯ ಪಕ್ಕದಲ್ಲಿ ಇಟ್ಟರು. “ಇವತ್ತ ಗೆಲ್ಲೂಣ ಬರ್ರಿ. ನೀವ ನೆಟ್ ಹತ್ರ ನಿಂದರ್ರಿ, ಓಡೂದ ನಂದು. ಸೋಲಾಕ ಯಾರರ ಸಿಗ್ತಾರ.” ಹಾಗೆಂದು ನನ್ನ ಕಡೆ ನೋಡಿದರು.

ಹೀಗೆ ಅಂಪೈರಾಗಿ ಹೋದವನು ಮಾವನ ಜೋಡಿ ಡಬಲ್ಸ್ ಆಟಗಾರನಾದೆ. ಮಾಸ್ತರರ ಸರ್ವಿಸ್ ಮಾಡಿದೆ, ನೆಟ್ಟಿಗೆ. ಸಾಹೇಬರದು ಮಾಡಿದೆ, ಅದೂ ನೆಟ್ಟಿಗೆ. “ಯಾರದರ ಮಾಡ ಅಳಿಯಾ, ಚೆಂಡ ದಾಟಸು,” ಎಂದ ಮಾವ.

ಆದರೆ ನೆಟ್ಟಿನ ಈಚೆ ನಿಂತು ನೋಡಿದ್ದು ನನಗೆ ದಕ್ಕಿದ ಲಾಭ. ಇಷ್ಟು ವರ್ಷ ಇವರ ಚರಿತ್ರೆಯನ್ನು ಎರಡು ಬೇರೆ ಬೇರೆ ಕತೆಗಳಂತೆ ಒಪ್ಪಿಸುತ್ತಿದ್ದೆ. ಅಂದು ಮಾಸ್ತರರು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಸಾಹೇಬರು ಎಲ್ಲಿ ಓಡುತ್ತಾರೆ, ಚೆಂಡನ್ನು ಎಲ್ಲಿಗೆ ಎತ್ತುತ್ತಾರೆ ಎಂಬುದು ತಿಂದ ಸೋಲುಗಳಿಂದಲೇ ಅವರಿಗೆ ಬಾಯಿಪಾಠ. ಸಾಹೇಬರೂ ಅಷ್ಟೇ, ಮಾಸ್ತರರ ಭುಜ ಅಲುಗುವ ಮೊದಲೇ ಖಾಲಿ ಮೂಲೆಗೆ ಸರಿದಿರುತ್ತಿದ್ದರು. ಜಗಳವೂ ನಡೆದೇ ಇತ್ತು.

“ಅದು ನನ್ನ ಚೆಂಡ್ರಿ ಸಾಹೇಬ್ರ.”

“ನಿಮ್ಮ ಚೆಂಡ ನಿಮ್ಮ ತೆಲಿ ಮ್ಯಾಲಿಂದ ಹೋಗಿತ್ರಿ, ಯಾವಾಗಿನಂಗ.”

ನಮ್ಮನ್ನು ಅರ್ಧ ತಾಸಿನಲ್ಲಿ ಮುಗಿಸಿದರು. ಮಿರ್ಚಿ ಮಂಡಕ್ಕಿ ಬಂತು. ಮಾಸ್ತರರು ಕಾಲು ಚಾಚಿ, ಮೆಣಸಿನಕಾಯಿಯ ತೊಟ್ಟು ಹಿಡಿದು ಕೂತಿದ್ದರು. ಮುಖದಲ್ಲಿ ಬೆವರು, ಬೆವರಿನಲ್ಲಿ ನಗು.

“ಸರ್, ಗೆದ್ರೆಲ್ಲಾ,” ಎಂದೆ, ಕ್ಷಮೆ ಕೇಳುವ ಧೈರ್ಯವಿಲ್ಲದೆ.

“ನಿನ್ನ ಸೋಲಿಸಿದ್ದು ಲೆಕ್ಕಕ್ಕ ಹಿಡ್ಯಾಕ ಬರೂದಿಲ್ಲೋ. ನಿನ್ನನ್ನ ಮನಿ ಬಾಗಲಾನೂ ಸೋಲಸ್ತೈತಿ.” ಸಾಹೇಬರ ಕಡೆ ತಿರುಗಿದರು. “ಹೌದಲ್ರಿ? ನಮಗ ಆಡೂ ಜೋಡಿ ಬೇಕು.”

“ಹಿರೇಕೆರೂರಾಗ ಸಿಗ್ತಾರೇನು ಕೇಳ್ರಿ,” ಎಂದರು ಸಾಹೇಬರು.

ಅಲ್ಲಿ ಅಂಗಣವೇ ಇಲ್ಲ, ಗೋವಿನಜೋಳ ಒಣಗಿಸುವ ಸಿಮೆಂಟಿನ ಕಣ ಮಾತ್ರ ಇದೆ ಎಂದೆ.

“ಜ್ವಾಳ ತಗದ ಮ್ಯಾಲ ಫೋನ್ ಮಾಡು,” ಎಂದರು ಮಾಸ್ತರರು. ರಾಕೆಟ್ ತೂಗುಹಾಕುವ ಮಾತು ಎತ್ತಲಿಲ್ಲ.