ಕುದುರೆಯ ಕಾಲಿಗೆ ನೀರು

ನನ್ನ ಯಜಮಾನರು ವಿಜಾಪುರದಿಂದ ತಿಕೋಟಾಕ್ಕೂ ಬಬಲೇಶ್ವರಕ್ಕೂ ಟಾಂಗಾ ಹೊಡೆಯುತ್ತಿದ್ದರು. ದೊಡ್ಡ ಯುದ್ಧ ಮುಗಿದ ಮರುವರ್ಷ ಮಳೆ ಬಿಡಲೇ ಇಲ್ಲ. ಹಾದಿಯ ಎರೆಮಣ್ಣು ಕುದುರೆಯ ಮೊಣಕಾಲಿನ ತನಕ ಮೆತ್ತಿಕೊಂಡು ಬರುತ್ತಿತ್ತು.

ಹೊರಗಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮಲ್ಲಿಯ ರೀತಿ. ಅತ್ತೆಯವರು ಕುದುರೆಗೂ ಅದನ್ನು ತಪ್ಪಿಸುತ್ತಿರಲಿಲ್ಲ. ಟಾಂಗಾ ಬಿಚ್ಚಿದ ಕೂಡಲೇ ನಾನು ಅದರ ನಾಲ್ಕೂ ಕಾಲಿಗೆ ಕೊಡದಿಂದ ನೀರು ಸುರಿಯುತ್ತಿದ್ದೆ. ಒದ್ದೆ ಕಾಲಿನಲ್ಲೇ ಅದು ಬೆಳಗಿನ ತನಕ ನಿಲ್ಲುತ್ತಿತ್ತು.

ಶ್ರಾವಣದಲ್ಲಿ ಒಂದು ಹಿಂಗಾಲಿನ ಗೊರಸಿನ ಮೇಲೆ ಚರ್ಮ ಸೀಳಿತು. ಕೂದಲು ಗಂಟುಗಟ್ಟಿ ಅದರಡಿ ಕೀವಾಯಿತು. ದನದ ದವಾಖಾನೆಯ ಕಂಪೌಂಡರ್ ಬಂದು ಕೂದಲು ಕತ್ತರಿಸಿದ, ಉಪ್ಪುನೀರಿನಲ್ಲಿ ಹಕ್ಕಳೆ ನೆನೆಸಿ ತೆಗೆದ, ಬಟ್ಟೆಯಿಂದ ಪೂರ್ತಿ ಒಣಗಿಸಿ ಗಂಧಕದ ಮುಲಾಮು ಹಚ್ಚಿದ.

"ಇನ್ನ ಕಾಲಿಗೆ ನೀರು ಮುಟ್ಟಸಬ್ಯಾಡ್ರಿ. ಕೆಸರು ತಾನಾಗೇ ಒಣಗಲಿ, ಆಮ್ಯಾಲ ಬ್ರಶ್‌ಲೆ ತಿಕ್ಕಿ ಉದುರಸ್ರಿ. ಕಾಲು ಒಣಗಿದ್ದೂ ಬಾವು ಬಂದ್ರ ಅದು ನಿಂತು ನಿಂತು ಬಂದದ್ದು, ನಡಸ್ರಿ, ಇಳೀತೈತಿ. ನೀರು ತಾಗಿ ಬಂದ್ರ ಮಾತ್ರ ಒಂದ್ ಹೆಜ್ಜಿನೂ ನಡಸಬ್ಯಾಡ್ರಿ, ನನ್ನ ಕರೀರಿ."

ಅವನು ಹೋದ ಮೇಲೆ ಅತ್ತೆ ಗೊಣಗಿದರು. "ಮನಿಗೆ ಬಂದ ಜೀವಕ್ಕ ಕಾಲಿಗೆ ನೀರು ಬ್ಯಾಡಂತ. ನಾಳೆ ಬೀಗರು ಬಂದ್ರ ಅವ್ರನ್ನೂ ಬ್ರಶ್‌ಲೆ ತಿಕ್ಕೂದೇನಪಾ?"

"ಬೀಗರಿಗೆ ಅದ ಛಲೋ ಬಿಡ ಯವ್ವಾ," ಎಂದು ಯಜಮಾನರು ನಕ್ಕರು.

ಹದಿನೈದು ದಿನಗಳಲ್ಲಿ ಗಾಯ ಒಣಗುತ್ತ ಬಂತು. ಆಮೇಲೆ ಒಂದು ಸಂಜೆ ಯಜಮಾನರು ಕುದುರೆಯ ಗೊರಸಿಗೆ ನಾಲು ಹೊಡೆಸಿಕೊಂಡು ಬಂದು, ಅದನ್ನು ಅಂಗಳದಲ್ಲಿ ಕಟ್ಟಿ ಮೇವು ತರಲು ಹೋದರು. ಕಾಲ ತುಂಬ ಕೆಸರಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಒಂದಿನಕ್ಕ ಏನೂ ಆಗೂದಿಲ್ಲ. ಹಾಕ ಬೇ."

ನಾನು ಹಾಕಿದೆ. ಯಜಮಾನರು ಬರುವುದರೊಳಗೆ ಸೀರೆಯ ಸೆರಗಿನಿಂದ ಮೇಲೆ ಮೇಲೆ ಒರೆಸಿದೆ. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ.

ನಾಲ್ಕನೆಯ ದಿನ ಕಾಲು ಬಾತು ಕಂಬದಂತಾಗಿತ್ತು. ಮುಟ್ಟಿದರೆ ಸುಡುತ್ತಿತ್ತು. ಯಜಮಾನರು ಅದರ ಮೇಲೆ ಕೈಯಿಟ್ಟು ಕೂತರು.

"ನೀರು ಹಾಕೀಯೇನು?"

ಅಕ್ಕಿ ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಇಲ್ರಿ," ಎಂದೆ.

"ಹಂಗಾರ ನಿಂತು ಬಂದೈತಿ. ನಡದ್ರ ಇಳೀತೈತಿ."

ಮರುದಿನ ಬೆಳಿಗ್ಗೆ, ಭಾರ ಬೇಡವೆಂದು ಸವಾರಿ ಯಾರನ್ನೂ ಹತ್ತಿಸದೆ, ಖಾಲಿ ಟಾಂಗಾ ಕಟ್ಟಿಕೊಂಡು ಬಬಲೇಶ್ವರದ ಹಾದಿ ಹಿಡಿದರು. ಹಳ್ಳದ ಇಳಿಜಾರಿನಲ್ಲಿ ಆ ಕಾಲು ಕುಸಿಯಿತು. ಟಾಂಗಾ ಅವರ ಮೇಲೆ ಮಗುಚಿತು. ಹಿಂದೆ ಬರುತ್ತಿದ್ದ ಚಕ್ಕಡಿಯವರು ಅವರನ್ನು ಮನೆಗೆ ತಂದರು.

ನೋಡಲು ಬಂದವರಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು. "ತಪ್ಪು ನಂದ ಐತ್ರಿ. ನನಗ ಕಾಲು ನೋಡಾಕ ಬರಲಿಲ್ಲ."

ನಾಲ್ಕು ದಿನ ಬದುಕಿದ್ದರು, ಪೂರ್ತಿ ಎಚ್ಚರದಲ್ಲಿದ್ದರು. ಅತ್ತೆ ಒಳಗೆ ಬರಲೇ ಇಲ್ಲ. ಹಾಸಿಗೆಯ ಪಕ್ಕದಲ್ಲಿ ಕೂತವಳು ನಾನೊಬ್ಬಳೇ. ಹೇಳುವುದಕ್ಕೆ ನನಗೆ ಬೇಕಾದಷ್ಟು ಹೊತ್ತಿತ್ತು.