ಜನ್ನಾಪುರದಿಂದ ಬಂದ ಜಾಡಿ

ನಮ್ಮ ವಠಾರದ ಸೆಪ್ಟಿಕ್ ಟ್ಯಾಂಕು ಉಕ್ಕಿದ್ದು ರಹಮತ್ ಸಾಹೇಬರ ನೆಂಟರಿಂದಂತೆ. ದುರ್ಗಿಗುಡಿಯಲ್ಲಿ ಯಾರನ್ನು ಕೇಳಿದರೂ ಇದೇ ಕಥೆ. ನೆಂಟರು ಬಂದದ್ದು ನಿಜ, ಟ್ಯಾಂಕು ಉಕ್ಕಿದ್ದೂ ನಿಜ. ಎರಡು ನಿಜಗಳನ್ನು ಪಕ್ಕಪಕ್ಕ ಕೂರಿಸಿದ ಮಾತ್ರಕ್ಕೆ ಅವುಗಳ ಮದುವೆಯಾಗಿಬಿಡುತ್ತದೆಯೇ?

ಭದ್ರಾವತಿ ಲೈನಿನಲ್ಲಿ ಬಸ್ ಓಡಿಸುವ ರಹಮತ್ ಸಾಹೇಬರಿಗೆ ಇದೇ ಕಾರಣಕ್ಕೆ ಮನೆ ಖಾಲಿ ಮಾಡಲು ಹೇಳಿಯಾಗಿದೆ. ಅವರ ಮಗಳಿಗೆ ಬರುವ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ. "ನೆಂಟರು ಹೋದ್ರು, ಉಕ್ಕೋದು ನಿಲ್ಲಲಿಲ್ಲ ನೋಡಿ" ಎಂದರು ನನ್ನ ಬಳಿ. ಅಷ್ಟೇ.

ಹೋದ ವರ್ಷ ಓನರ್ ಸದಾಶಿವಯ್ಯನವರ ಮಗಳ ಮದುವೆಗೆ ವಠಾರದ ತುಂಬ ಬೀಗರು. (ಅವರೆಲ್ಲ ಉಪವಾಸವಿದ್ದರೆಂದು ಯಾರೂ ಹೇಳಲಾರರು.) ಟ್ಯಾಂಕು ಗೊಣಗಲಿಲ್ಲ. ಹಾಗಾದರೆ ಈ ವರ್ಷ ಹೊಸದೇನು?

ಹೊಸದು ಒಂದು ಜಾಡಿ. ಸದಾಶಿವಯ್ಯನವರ ಭಾವಮೈದ ಜನ್ನಾಪುರದಲ್ಲಿ ಸೈಕಲ್ ಹ್ಯಾಂಡಲ್‌ಗೆ ಗಿಲೀಟು ಹಾಕುವ ಅಂಗಡಿ ತೆರೆದಿದ್ದಾನೆ. ಬಂದಾಗಲೆಲ್ಲ ಅಲ್ಲಿ ಬಳಸಿ ಉಳಿದ ಆಸಿಡ್ ನೀರನ್ನು ಜಾಡಿಯಲ್ಲಿ ತುಂಬಿ ಅಕ್ಕನ ಮನೆಗೆ ತರುತ್ತಾನೆ. (ಬೇರೆ ತಮ್ಮಂದಿರು ಮಲ್ಲಿಗೆ ತರುತ್ತಾರೆ.) ಸುರಿದರೆ ಕಕ್ಕಸು ಫಳಫಳ. ವಠಾರಕ್ಕೆಲ್ಲ ಹೆಮ್ಮೆ.

ಆದರೆ ಟ್ಯಾಂಕಿನೊಳಗೆ ಹೊಲಸನ್ನು ತಿಂದು ಕರಗಿಸುವುದು ಕಣ್ಣಿಗೆ ಕಾಣದ ಜೀವಿಗಳು. ಆ ವಿಷ ನೇರವಾಗಿ ಅವುಗಳ ತಲೆಯ ಮೇಲೇ ಬೀಳುತ್ತದೆ. ಅವು ಸತ್ತರೆ ಕರಗಿಸುವವರು ಯಾರು? ಜಗಲಿಯಲ್ಲಿ ಕೂತಿದ್ದ ಸದಾಶಿವಯ್ಯನವರಿಗೆ ಇದನ್ನೇ ಹೇಳಿದೆ.

"ಟ್ಯಾಂಕಲ್ಲಿ ಹುಳ ಸಾಕಿದೀನೇನೋ ಮಾರಾಯ, ಸತ್ರೆ ಅಳಕ್ಕೆ?"

"ಸಾಕಿದೀರಿ ಯಜಮಾನ್ರೇ. ಸಂಬಳ ಕೇಳ್ದೆ ದುಡಿಯೋವು ಅವೇ."

"ಡಿಬೇಟು ಕಾಲೇಜಲ್ಲಿ ಮಾಡು, ಹೋಗು."

ಒಳಗಿಂದ ಅವರ ಹೆಂಡತಿ ಗೌರಮ್ಮ, "ಸುಡೋ ಹಾಲಿಗೆ ಹಾಕಿದ್ರೆ ಹೆಪ್ಪು ಸಾಯಲ್ವೇನ್ರೀ? ಇದೂ ಹಂಗೇ ಇರ್ಬೇಕು" ಎಂದರು. ಜಾಡಿ ತಂದವನು ಅವರ ಸ್ವಂತ ತಮ್ಮ ಎಂಬುದು ನೆನಪಿರಲಿ.

ಸದಾಶಿವಯ್ಯನವರು ಮರುವಾರ ಟ್ಯಾಂಕು ಖಾಲಿ ಮಾಡಿಸಿ, ಹೊಸ ಹೆಪ್ಪಿಗೆಂದು ಸಗಣಿ ಕದಡಿದ ನೀರು ಹೊಯ್ಯಿಸಿದರು. ಭಾವಮೈದ ಬರಿಗೈಯಲ್ಲಿ ಬರತೊಡಗಿದ. ಈಗ ಟ್ಯಾಂಕು ತಣ್ಣಗಿದೆ.

ರಹಮತ್ ಸಾಹೇಬರ ಮನೆಯಲ್ಲಿ ಮಾತ್ರ ಪಾತ್ರೆಗಳು ಗೋಣಿಚೀಲ ಸೇರುತ್ತಿವೆ. ಮಗಳು ಆ ಮೂಟೆಗೇ ಒರಗಿ ಓದುತ್ತಾಳೆ.

ಸದಾಶಿವಯ್ಯನವರೇ, ಜಾಡಿಯನ್ನೇನೋ ನಿಲ್ಲಿಸಿದಿರಿ. ಇನ್ನು ರಹಮತ್ ಸಾಹೇಬರು ಹೋಗಬೇಕಾದದ್ದು ಯಾತಕ್ಕೆ?