ಭೂತಾನಿನಿಂದ ಬಂದ ಧರ್ಮಪ್ಪಗೌಡರು
ಭೂತಾನಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಡ್ರೈವರ್ ಆಗಿ ನಿವೃತ್ತರಾದ ಕೊಪ್ಪದ ಧರ್ಮಪ್ಪಗೌಡರಿಗೆ ಎರಡು ದೇಶಗಳ ಸ್ನೇಹ ಈಗಲೂ ತಮ್ಮ ಮೇಲೇ ನಿಂತಿದೆಯೆಂಬ ನಂಬಿಕೆ. ಇಸ್ತ್ರಿ ಹಾಕಿದ ಕೋಟಿಲ್ಲದೆ ಬಸ್‌ಸ್ಟ್ಯಾಂಡಿಗೂ ಹೋಗುವುದಿಲ್ಲ. ಮದುವೆಮನೆಯಲ್ಲಿ ಬೀಗರು ಮುನಿಸಿಕೊಂಡರೆ, "ದೇಶ ದೇಶಗಳೇ ಹೊಂದಿಕೊಂಡು ಹೋಗ್ತವೆ, ನಿಮಗೆಂತ ಆಗಿದ್ದು ಮಾರಾಯ್ರೆ?" ಎಂದು ಇಬ್ಬರ ಕೈ ಕುಲುಕಿಸಿ, ನಡುವೆ ನಿಂತು ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ. ಮಗಳು ಪೇಮಾಳನ್ನು ಯಾರಾದರೂ ಪ್ರೇಮಾ ಎಂದು ಕರೆದರೆ ಮಾತ್ರ ಆ ನಗು ಮಾಯವಾಗುತ್ತದೆ. "ಪ್ರೇಮಾ ಅಲ್ಲ, ಪೇಮಾ" ಎಂದು ತಿದ್ದದೆ ಬಿಡುವುದಿಲ್ಲ. "ಅದೆಂತ ಹೆಸರು ಗೌಡ್ರೇ?" ಎಂದು ನಾನೊಮ್ಮೆ ಕೇಳಿದಾಗ ಅವರು ಕೋಟಿನ ಗುಂಡಿ ಸರಿಮಾಡಿಕೊಳ್ಳತೊಡಗಿದರು. ಹೆಂಡತಿ ಲೋಲಾಕ್ಷಮ್ಮನೇ ಹೇಳಿದರು: "ಇವಳ ಹೆರಿಗೆ ಹೊತ್ತಲ್ಲಿ ನಾನು ಉಳಿಯೋದೇ ಕಷ್ಟ ಆಗಿತ್ತು. ರಕ್ತ ಕೊಟ್ಟು ಉಳಿಸಿದ್ದು ಭೂತಾನಲ್ಲಿ ನಮ್ಮ ಪಕ್ಕದ್ಮನೇಲಿದ್ದ ಪೇಮಾ."